ನಾನು ಹಾಕದ ಕೂ

ಯಾರೂ ಕರೆಯದಿದ್ದರೂ ಕರೆದಂತೆ ಕೇಳಿತು, ಯಾರೂ ಇಲ್ಲದಿದ್ದರೂ ಇದ್ದಂತೆ ಕಂಡಿತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಪುತ್ತೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು ನಾನು. ಅಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇಂಥ ಕತೆ ಶುರುಮಾಡಿದವರಿಗೆ, ನಿಮಗೆ ಹಿಮೋಗ್ಲೋಬಿನ್ ಕಡಿಮೆ ಇರಬೇಕು, ಒಮ್ಮೆ ಬನ್ನಿ ಎಂದು ತಮಾಷೆ ಮಾಡುತ್ತಿದ್ದೆ. ಇದನ್ನು ಓದಿ ನೀವು ನನಗೂ ಹಾಗೆಯೇ ಹೇಳಿದರೆ ನಾನು ಸಿಟ್ಟು ಮಾಡುವುದಿಲ್ಲ.

ಎರಡು ಮೂರು ವರ್ಷಗಳ ಹಿಂದಿನ ಮಾತು. ನನ್ನನ್ನು ಸಾಕಿದ ದೊಡ್ಡಮ್ಮನಿಗೆ ಕಿವಿ ಪೂರ್ತಿ ಮಂದವಾಗಿತ್ತು. ಕುಕ್ಕರ್ ಸೀಟಿ ಹೊಡೆದರೂ ತಿಳಿಯುತ್ತಿರಲಿಲ್ಲ. ಬೆಂಗಳೂರಿನಲ್ಲಿ ಒಬ್ಬ ಡಾಕ್ಟರರ ಬಳಿ ಹೆಸರು ಬರೆಸಿ ಕರೆದುಕೊಂಡು ಹೋಗಿದ್ದೆ.

ಇಲ್ಲಿ ನಮ್ಮ ಊರಿನ ಒಂದು ಕ್ರಮ ಹೇಳಬೇಕು. ಮರ್ಕಂಜದಲ್ಲಿ ಗುಡ್ಡೆಗೆ ಹೋದವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಹೆಸರು ಬೇರೆ ಯಾವುದರ ಕಿವಿಗಾದರೂ ಬಿದ್ದೀತು ಎಂದು ಹಿರಿಯರಿಗೆ ಹೆದರಿಕೆ. ಅಂಗಳದ ತುದಿಯಲ್ಲಿ ನಿಂತು ಉದ್ದಕ್ಕೆ ಒಂದು 'ಕೂ' ಹಾಕುವುದು. ಆಚೆಯಿಂದ ತಿರುಗಿ ಕೂ ಬಂದರೆ ಬರುತ್ತಿದ್ದಾರೆ ಎಂದರ್ಥ. ಒಬ್ಬೊಬ್ಬರ ಕೂ ಒಂದೊಂದು ತರಹ. ನನ್ನದು ಚಿಕ್ಕಂದಿನಿಂದಲೂ ಅರ್ಧಕ್ಕೆ ಒಡೆದು ಕೆಮ್ಮಿನಲ್ಲಿ ಮುಗಿಯುತ್ತಿತ್ತು. ಗುಡ್ಡೆಯಲ್ಲಿದ್ದ ಕೆಲಸದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೆಜೆಸ್ಟಿಕ್‌ನ ಮೆಟ್ರೋ ನಿಲ್ದಾಣದಲ್ಲಿ ನಾವು ರೈಲು ಬದಲಿಸಬೇಕಿತ್ತು. ಬಾಗಿಲು ತೆರೆದದ್ದೇ ತಡ, ನಾವು ಇಳಿದೆವು ಎನ್ನುವುದಕ್ಕಿಂತ ನಮ್ಮನ್ನು ಇಳಿಸಿದರು ಎನ್ನಬೇಕು. ನೆಲದಡಿಯ ಆ ಜಾಗದಲ್ಲಿ ಯಾರೂ ನಿಲ್ಲುವುದಿಲ್ಲ. ಎಲ್ಲರ ಕಣ್ಣು ಫೋನಿನಲ್ಲಿ, ಆದರೂ ಯಾರೂ ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ. ನಾನೊಬ್ಬಳೇ ಎಲ್ಲರ ಭುಜಕ್ಕೂ ತಾಗುತ್ತಿದ್ದೆ. ಇನ್ನೂ ಒಂದು ಅಂತಸ್ತು ಕೆಳಗೆ ಹೋಗಬೇಕಿತ್ತು. ಎಸ್ಕಲೇಟರ್ ಕಂಡು ದೊಡ್ಡಮ್ಮ ಕೈ ಬಿಡಿಸಿಕೊಂಡರು.

"ನೀನು ಮೊದಲು ಹೋಗು. ಕಾಲು ಹೇಗೆ ಇಡುದು ಅಂತ ನೋಡಿ ಬರ್ತೇನೆ."

ನಾನು ಹೋದೆ. ಅದೇ ನನ್ನ ತಪ್ಪು. ಕೆಳಗೆ ಮುಟ್ಟಿ ತಿರುಗಿದರೆ ಅವರಿಲ್ಲ. ಮೆಟ್ಟಿಲು ಹತ್ತಿ ಓಡಿದೆ, ಮೇಲೆಯೂ ಇಲ್ಲ. ಅವರ ಫೋನು ನನ್ನ ಚೀಲದಲ್ಲಿತ್ತು. ಎರಡೆರಡು ನಿಮಿಷಕ್ಕೆ ಒಂದು ರೈಲು ಬಂದು ಜನರನ್ನು ಸುರಿದು, ತುಂಬಿಸಿಕೊಂಡು ಹೋಗುತ್ತಿತ್ತು. ಯಾವುದರಲ್ಲಿ ಹತ್ತಿಬಿಟ್ಟರೋ, ಎಲ್ಲಿ ಇಳಿಯುತ್ತಾರೋ, ಯಾರು ಏನು ಕೇಳಿದರೂ ಕೇಳಿಸದ ಹೆಂಗಸು! ಇನ್ನೂ ಮೇಲೆ ಹೋಗಿ ಗೇಟಿನ ಬಳಿಯ ಸೆಕ್ಯುರಿಟಿಯವನನ್ನು ಹಿಡಿದೆ.

"ಹೆಸರು ಹೇಳಿ ಮೇಡಂ, ಮೈಕಲ್ಲಿ ಕೂಗಿಸ್ತೀವಿ" ಎಂದ.

"ಅವರಿಗೆ ಕಿವಿ ಕೇಳುದಿಲ್ಲ ಮಾರಾಯ್ರೆ!"

"ಹಂಗಾದ್ರೆ ನೀವೇ ಒಂದ್ಸಲ ಜೋರಾಗಿ ಕೂಗಿ. ನಿಮ್ ಧ್ವನಿ ಗುರುತಿರ್ತದಲ್ಲ."

ನಮ್ಮ ಕಡೆ ಕೂಗುವುದು ಎಂದರೆ ಅಳುವುದು. ಅದನ್ನಾದರೆ ಯಾರೂ ಹೇಳದೆಯೇ ಶುರುಮಾಡುವುದರಲ್ಲಿದ್ದೆ.

ಆಗ ಗಂಟಲಿಗೆ ಬಂದದ್ದು ಕೂ. ಬೇರೇನೂ ಅಲ್ಲ, ಊರಿನ ಕೂ. ಕೈ ಬಾಯಿಯ ತನಕ ಹೋಯಿತು. ಎದುರಿಗೆ ಬರುತ್ತಿದ್ದ ಹುಡುಗಿಯೊಬ್ಬಳು ನನ್ನನ್ನೇ ನೋಡಿದಳು. ನನಗೆ ನಾಚಿಕೆಯಾಯಿತು. ಗಂಟಲು ಸರಿಮಾಡಿಕೊಳ್ಳುವವಳಂತೆ ಕೆಮ್ಮಿದೆ. ಮತ್ತೊಮ್ಮೆ ಬಾಯಿ ತೆರೆದೆ, ಮತ್ತೆ ಕೆಮ್ಮಿದೆ. ಮೂರನೆಯ ಸಲವೂ ಅಷ್ಟೇ. ಸಾಕಿದವರು ಕಳೆದುಹೋಗಿದ್ದಾರೆ, ನನಗೆ ಗುರುತೇ ಇಲ್ಲದವರ ಎದುರು ಮರ್ಯಾದೆಯ ಚಿಂತೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಐದು ನಿಮಿಷವೂ ಆಗಿರಲಿಕ್ಕಿಲ್ಲ. ಪ್ಲಾಟ್‌ಫಾರ್ಮಿನಿಂದ ಬರುವ ಮೆಟ್ಟಿಲಲ್ಲಿ, ಇಳಿಯುವ ಜನರ ನಡುವೆ, ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿ ಬರುತ್ತಿದ್ದರು. ಅತ್ತಿತ್ತ ನೋಡಲಿಲ್ಲ. ನೇರ ನನ್ನ ಬಳಿಗೆ ಬಂದರು.

"ಎಂತ ಮಗಾ, ಅಷ್ಟು ಹೆದರಿದ್ದಾ? ಒಂದು ನೀಲಿ ಚೂಡಿದಾರದ ಹಿಂದೆ ಹೋದೆ, ನೀನೇ ಅಂತ ಗ್ರಹಿಸಿದೆ. ರೈಲಿಗೆ ಒಂದು ಕಾಲು ಇಟ್ಟಾಗಿತ್ತು. ಆಗ ನಿನ್ನ ಕೂ ಕೇಳಿತು, ಹಿಂದೆ ಬಂದೆ."

"ಕೂವಾ?" ನಾನು ಕೈಸನ್ನೆಯಲ್ಲೇ ಕೇಳಿದೆ.

"ಮೂರು ಸಲ ಹಾಕಿದ್ದಲ್ವಾ? ಕಡೆಗೆ ಕೆಮ್ಮಿದ್ದೂ ಕೇಳಿತು. ಅದರಲ್ಲೇ ನೀನು ಅಂತ ಗೊತ್ತಾದದ್ದು."

ನಾನು ಸೆಕ್ಯುರಿಟಿಯವನ ಮುಖ ನೋಡಿದೆ. "ನಾನು ಕೂಗಿದೆನಾ?" ಎಂದು ಕೇಳಿದೆ. "ಎಲ್ಲಿ ಮೇಡಂ, ಬರೀ ಕೆಮ್ತಾ ಇದ್ರಿ" ಎಂದು ಆತ ಬೇರೆಯವರ ಚೀಲ ನೋಡಲು ಹೋದ.

ಅದೇ ದಿನ ಡಾಕ್ಟರರು ಪರೀಕ್ಷೆ ಮಾಡಿದರು. ಎಡಗಿವಿ ಹೋಗಿಯೇ ಬಿಟ್ಟಿದೆ, ಬಲಗಿವಿಗೆ ಬಾಯಿಟ್ಟು ಜೋರಾಗಿ ಹೇಳಿದರೆ ಮಾತ್ರ ಒಂದಿಷ್ಟು ಎಂದರು. ವರದಿಯನ್ನು ನಾನು ಮೂರು ಸಲ ಓದಿದೆ. ವರದಿ ಓದುವುದು ನನ್ನ ಹೊಟ್ಟೆಪಾಡು, ಅದರಲ್ಲಿ ತಪ್ಪು ಕಾಣಲಿಲ್ಲ.

ಒಂದು ವೇಳೆ ನಾನೇ ಹಾಕಿದ್ದು ನನಗೆ ತಿಳಿಯದೆ ಹೋಯಿತೇ ಎಂದರೆ, ಆ ಹುಡುಗಿಯ ನೋಟಕ್ಕೆ ನಾಚಿ ಕೂ ನುಂಗಿಕೊಂಡದ್ದು ಈಗಲೂ ಕಣ್ಣ ಮುಂದಿದೆ. ದೊಡ್ಡಮ್ಮನಿಗೆ ಭ್ರಮೆ ಎಂದರೆ, ಆ ಮೂರು ಸಲದ ಲೆಕ್ಕ, ಆ ಕೆಮ್ಮು ಅವರಿಗೆ ಹೇಗೆ ಗೊತ್ತು? ಅವರಂತೂ ಬಂದವರಿಗೆಲ್ಲ ಹೇಳುತ್ತಾರೆ: "ಅಷ್ಟು ಜನರ ಎದುರು ಇವಳು ನಾಚಿಕೆ ಬಿಟ್ಟು ಕೂ ಹಾಕಿದ್ದಾಳೆ." ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗುತ್ತೇನೆ. ನಿಜ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಈಗ ಅವರ ಬಲಗಿವಿಗೆ ಮಿಷನ್ ಇದೆ. ಹೋದ ತಿಂಗಳು ಮರ್ಕಂಜಕ್ಕೆ ಹೋದಾಗ ಅವರಿಗೆ ಏನು ತೋಚಿತೋ, ಅದನ್ನು ತೆಗೆದು ನನ್ನ ಕೈಗೆ ಕೊಟ್ಟು, "ಇದಿಲ್ಲದೆ ಕೇಳ್ತದಾ ನೋಡುವ, ಒಂದು ಕೂ ಹಾಕು" ಎಂದು ಅಂಗಳದ ಆಚೆ ತುದಿಗೆ ಹೋಗಿ ನನಗೆ ಬೆನ್ನು ಹಾಕಿ ನಿಂತರು. ನಾನು ಹಾಕಿದೆ. ಒಂದಲ್ಲ, ಮೂರು ಸಲ, ಎದೆ ನೋಯುವಷ್ಟು. ಕೊನೆಗೆ ಕೆಮ್ಮು ಬಂತು. ಆಚೆ ಮನೆಯ ನಾಯಿ ಬೊಗಳಿತು. ಗುಡ್ಡೆಯಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದ ಯಾರೋ ತಿರುಗಿ ಕೂ ಹಾಕಿದರು.

ದೊಡ್ಡಮ್ಮ ಕಾದು ಕಾದು ಹಿಂದೆ ತಿರುಗಿದರು.

"ಎಂತ, ಇನ್ನೂ ಹಾಕ್ಲಿಲ್ವಾ?"

ಇಲ್ಲ ಎಂದು ತಲೆಯಾಡಿಸಿದೆ.