ಇಂದು ಸಿಕ್ಕ ಥೈರಾಯ್ಡ್ ಡಾಕ್ಟರ್

ಸ್ನೇಹಿತರೇ, ನನ್ನ ಮಾತನ್ನು ನಂಬುವ ಡಾಕ್ಟರ್ ಇಂದು ಆನ್ ಆರ್ಬರ್ ಊರಿನಲ್ಲಿ ಕೊನೆಗೂ ಸಿಕ್ಕರು. ಸುಮ್ಮನೆ ಕುಳಿತರೂ ಎದೆ ಡವಗುಟ್ಟುತ್ತಿತ್ತು, ಕೈ ನಡುಗುತ್ತಿತ್ತು, ಎಷ್ಟು ತಿಂದರೂ ತೂಕ ಇಳಿಯುತ್ತಿತ್ತು. ನಾವಿರುವ ಟ್ರಾಯ್‌ನಲ್ಲಿ ನೋಡಿದ ಇಬ್ಬರು ಡಾಕ್ಟರುಗಳೂ "ಸ್ಟ್ರೆಸ್" ಎಂದು ಹೇಳಿ ಕಳಿಸಿದ್ದರು.

ಇವರು ಹಾರ್ಮೋನ್ ತಜ್ಞೆ, ಧಾರವಾಡದ ಕಡೆಯವರು. ಒಂದು ಗುಟುಕು ನೀರು ಕುಡಿಸಿ, ನುಂಗುವಾಗ ಥೈರಾಯ್ಡ್ ಊದಿದೆಯೇ ಎಂದು ನನ್ನ ಕತ್ತು ಮುಟ್ಟಿ ನೋಡಿದರು. "ನಿದ್ದಿ ಹೆಂಗ ಬರ್ತದರೀ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದಿದ್ದ ನನ್ನ ಗಂಡ, "ಫೋನ್ ನೋಡ್ತಾ ಮಲಗೋದೇ ಇಲ್ಲ ಡಾಕ್ಟ್ರೇ, ಅದಕ್ಕೇ ಹಿಂಗೆಲ್ಲ," ಎಂದರು.

"ನಾ ಅವರನ್ನ ಕೇಳಾಕತ್ತೀನ್ರೀ," ಎಂದರು ಡಾಕ್ಟರ್.

ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಭೇಟಿಗೂ ಮೊದಲೇ ತಾವು ಬರೆದುಕೊಟ್ಟು ಮಾಡಿಸಿದ್ದ ರಕ್ತಪರೀಕ್ಷೆಯ ರಿಪೋರ್ಟ್ ತೋರಿಸಿದರು. "ಥೈರಾಯ್ಡ್ ಅತಿಯಾಗಿ ಕೆಲಸ ಮಾಡಾಕತ್ತದ. ಇದು ನಿಮ್ಮ ಭ್ರಮಾ ಅಲ್ರೀ. ಗುಳಿಗಿ ಅದಾವ, ಬ್ಯಾರೆ ದಾರಿನೂ ಅದಾವ. ಎಲ್ಲಾ ಹೇಳ್ತೀನಿ, ನೀವೇ ವಿಚಾರ ಮಾಡಿ ಆರಿಸ್ರಿ."

ನನಗೆ ಅಲ್ಲೇ ಅಳು ಬಂತು. ಇಷ್ಟು ದಿನ ನನ್ನ ಮೇಲೆ ನನಗೇ ಅನುಮಾನವಿತ್ತು.

ಹಿಂದಿರುಗುವಾಗ ಕಾರು ಓಡಿಸುತ್ತಲೇ ಗಂಡ, "ಸಾರಿ ಕಣೇ. ತುಂಬಾ ಒಳ್ಳೆ ಡಾಕ್ಟರು. ನನ್ನನ್ನೂ ನೋಡ್ತಾರಾ?" ಎಂದರು.

"ನೋಡ್ತಾರೇನೋ," ಎಂದೆ. "ನಾನೂ ಬರ್ತೀನಿ, ನಿಮ್ಮ ಪರವಾಗಿ ಉತ್ತರ ಹೇಳೋಕೆ."