ಐರಿಷ್ ಮಟ್ಟಿನ ಕೊನೆಯ ಸಾಲು

2014ರ ಅಕ್ಟೋಬರ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆಗೆ, ನಾನು ನಾರ್ತ್ ಕ್ರೀಕ್‌ನ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ, ಕಾಫಿ ಇಟ್ಟ ಮೇಜಿನ ಎಡಕ್ಕೆ ನಿಂತಿದ್ದೆ. ನೆರೆಹೊರೆಯ ಹಿರಿಯರು ಕೇಳಲು ಸೇರಿದ್ದರು. ಅಲ್ಲಿಂದ ಹಾರ್ಪ್ ಎಂಬ ತಂತಿವಾದ್ಯ ನುಡಿಸುವವರ ಎರಡೂ ಕೈಗಳು ಕಾಣುತ್ತಿದ್ದವು. ಕಂಡದ್ದನ್ನಷ್ಟೇ ಹೇಳುತ್ತೇನೆ.

ನುಡಿಸಲು ಕುಳಿತವರು ನಮ್ಮ ಕೆಳಗಿನ ಮನೆಯ ವಯಸ್ಸಾದ ಐರಿಷ್ ಹೆಂಗಸು, ನನ್ನ ಹೆಂಡತಿಯ ಹಾರ್ಪ್ ಟೀಚರ್. ಆ ಬೇಸಿಗೆಯಲ್ಲಿ ಅವರಿಗೆ ಸ್ಟ್ರೋಕ್ ಆಗಿತ್ತು. ಕೈಗೆ ಶಕ್ತಿ ಮರಳಿತ್ತು. ನೆನಪು ಮಾತ್ರ ಅಲ್ಲಲ್ಲಿ ಹರಿದಿತ್ತು. ಅವರು ನುಡಿಸಹೊರಟದ್ದು ತಮ್ಮ ಅಜ್ಜಿಯಿಂದ ಕಿವಿಯಲ್ಲೇ ಕಲಿತ ಒಂದು ಮಟ್ಟು. ಊರೂರು ಅಲೆಯುತ್ತಿದ್ದ ಕುರುಡು ವಾದಕನೊಬ್ಬ, ಊಟ ಹಾಕಿ ಮಲಗಲು ಜಾಗ ಕೊಟ್ಟ ಮನೆಯೊಡತಿಗಾಗಿ ಅದನ್ನು ಕಟ್ಟಿದನಂತೆ. ಬಹಳ ಕಾಲದ ಮೇಲೆ ಪಿಯಾನೊ ಬಲ್ಲವರೊಬ್ಬರು ಅದನ್ನು ಬರೆದುಕೊಂಡು, ಪಿಯಾನೊಗೆ ಒಗ್ಗುವಂತೆ ತಿದ್ದಿ ಅಚ್ಚು ಹಾಕಿಸಿದರು. ಪುಸ್ತಕದಲ್ಲಿ ಕೊನೆಯ ಸಾಲು ಮೇಲೇರಿ ಮುಗಿಯುತ್ತದೆ. ಟೀಚರ್ ಮನೆತನದಲ್ಲಿ ಅದು ಮೆಲ್ಲಗೆ ಇಳಿಯುತ್ತದೆ. ಹಾಗೆ ನುಡಿಸುವವರು ಅವರೊಬ್ಬರೇ ಉಳಿದಿದ್ದರು.

ಮೈಸೂರಿನಲ್ಲಿ ವೀಣೆ ಕಲಿತಿದ್ದ ನನ್ನ ಹೆಂಡತಿ, ಸರಿಗಮದಲ್ಲಿ ಹಾಡಿಕೊಳ್ಳದೆ ಏನನ್ನೂ ಕಲಿಯಳು. ಈ ಮಟ್ಟನ್ನೂ ಶಂಕರಾಭರಣದ ಸ್ವರಗಳಿಗೆ ತಂದುಕೊಂಡು ಸಾರು ಕುದಿಸುವಾಗೆಲ್ಲ ಹಾಡುತ್ತಿದ್ದಳು. ಸ್ವರ ಬಳುಕಿಸುವ ಗಮಕ ತಾನಾಗಿಯೇ ನುಸುಳುತ್ತಿತ್ತು. "ನನ್ನ ತಂತೀನ ನೂಡಲ್ಸ್ ಮಾಡ್ಬೇಡ ಹುಡುಗಿ," ಎಂದು ಟೀಚರ್ ಇಂಗ್ಲಿಷಿನಲ್ಲಿ ರೇಗಿಸುತ್ತಿದ್ದರು.

ಅಂದು ಕೊನೆಯ ಸಾಲಿಗೆ ಬರುತ್ತಲೇ ಟೀಚರ್ ಕೈ ನಿಂತಿತು. ಮತ್ತೆ ಶುರುಮಾಡಿದರು, ಮತ್ತೆ ಅಲ್ಲೇ ನಿಂತಿತು. ಎದುರಿನ ಕುರ್ಚಿಯಲ್ಲಿದ್ದ ಅವರ ತಮ್ಮ, "ಪುಸ್ತಕದಲ್ಲಿರೋ ಹಾಗೇ ಮುಗಿಸಿಬಿಡು ಅಕ್ಕ," ಎಂದರು.

"ಅದು ನಮ್ಮನೇದಲ್ಲ," ಎಂದರು ಟೀಚರ್.

ನನ್ನ ಪಕ್ಕದಲ್ಲಿದ್ದ ಹೆಂಡತಿ ಪಿಸುಗುಟ್ಟಿದಳು. "ರೀ, ನಂಗೆ ಬರತ್ತೆ. ಹೇಳ್ಲಾ?"

"ಎಲ್ಲರೆದುರಿಗಾ? ಹಾರ್ಪ್ ಅವರ ಹತ್ರ ಇದೆ ಕಣೇ."

"ಬಾಯಿ ನನ್ನ ಹತ್ರ ಇದೆಯಲ್ಲ."

ಹಾಡಿದಳು. ಪ ಮ ಗ, ರಿ ಗ ರಿ ಸ. ಒಂದು ಸ್ವರವನ್ನೂ ಬಳುಕಿಸಲಿಲ್ಲ. ಟೀಚರ್ ಕಣ್ಣು ಮುಚ್ಚಿ ಕೇಳಿದರು. ಅವರ ಬಲಗೈ ಬೆರಳುಗಳು ಮೊದಲು ತೊಡೆಯ ಮೇಲೆ ಅಲುಗಿದವು, ಆಮೇಲೆ ತಂತಿಗೆ ಬಂದವು. ಅವಳು ಇನ್ನೊಮ್ಮೆ ಹಾಡಿದಾಗ ಅವು ಹಿಂದೆಯೇ ನಡೆದವು. ಆಮೇಲೆ ಅವಳು ಸುಮ್ಮನಾದಳು. ಟೀಚರ್ ಮೊದಲಿನಿಂದ ಹಿಡಿದರು; ಮಟ್ಟು ಎಲ್ಲೂ ತಡವರಿಸದೆ ಬಂತು, ಮೆಲ್ಲಗೆ ಇಳಿಯಿತು, ನಿಂತಿತು. ಕೂತವರೆಲ್ಲ ಎದ್ದು ನಿಂತರು. ನನ್ನ ಕೈಯ ಕಾಫಿ ಅಂಗಿಯ ತೋಳಿನ ಮೇಲೆ ಚೆಲ್ಲಿದ್ದು ಆಮೇಲಷ್ಟೇ ಗೊತ್ತಾಯಿತು.

"ಈ ಸಲ ನೂಡಲ್ಸ್ ಇರ್ಲಿಲ್ಲ," ಎಂದರು ಟೀಚರ್.

ಅವರು ಈಗಿಲ್ಲ. ಅಲ್ಲಿದ್ದ ಹಿರಿಯರಲ್ಲಿ ಹಲವರೂ ಇಲ್ಲ. ಅದನ್ನು ಕಂಡು ಇಂದೂ ಬದುಕಿದ್ದಾರೆಂದು ನಾನು ಖಚಿತವಾಗಿ ಹೇಳಬಲ್ಲದ್ದು, ನನ್ನನ್ನು ಬಿಟ್ಟರೆ, ಇಬ್ಬರ ಬಗ್ಗೆ: ನನ್ನ ಹೆಂಡತಿ, ಮತ್ತು ಪುಸ್ತಕದಂತೆ ಮುಗಿಸು ಎಂದಿದ್ದ ಆ ತಮ್ಮ. ಎಂಬತ್ತು ದಾಟಿದ ಅವರು ಅಕ್ಕನ ಹಾರ್ಪಿನ ಮುಂದೆ ಕೂತು, ಕೊನೆಯ ಸಾಲನ್ನು ನನ್ನ ಹೆಂಡತಿ ಕಲಿಸಿದ ಸರಿಗಮದಲ್ಲಿ ಹಾಡಿಕೊಂಡೇ ನುಡಿಸುತ್ತಾರೆ. ಅದು ಇಳಿಯುತ್ತದೆ.