ಒಂದು ಕಿಲೋವ್ಯಾಟಿನ ಮನೆ

ಬಸುರಿ ಮಗಳು ಕನಕಪುರದ ಗಂಡನ ಮನೆಯಿಂದ ಫೋನ್ ಮಾಡಿದ್ದಳು. "ಅವ್ವ, ಗೀಸರ್ ಹಾಕ್ಸುದ್ರೆ ಬಾಣಂತನಕ್ಕೆ ಬತ್ತೀನಿ, ಇಲ್ದಿದ್ರೆ ಇಲ್ಲೇ ಇರ್ತೀನಿ. ಹಂಡೆ ಒಲೆ ಹೊಗೆ ಮಗೀಗೆ ಆಗಕಿಲ್ಲ." ಚೊಚ್ಚಲ ಬಾಣಂತನ ಅತ್ತೆ ಮನೇಲಿ ಆಗೋದುಂಟಾ? ನಮ್ಮೂರು ತಿಪ್ಪಸಂದ್ರದೋರು ಆಡಿಕೊಳ್ಳೋದು ಹಾಳಾಗಲಿ, ಯಜಮಾನರು ತೀರಿಕೊಂಡ ಮೇಲೆ ಈ ಮನೇಲಿ ಇನ್ನೊಂದು ದನಿ ಕೇಳಬೇಕು ಅಂತ ನನಗೇ ಜೀವ ಹಂಬಲಿಸ್ತಿತ್ತು.

ವೈರಿಂಗ್ ಮಾಡೋನನ್ನ ಕರೆಸಿದೆ. "ನಿಮ್ಮನೆಗೆ ಮಂಜೂರಾಗಿರೋದು ಒಂದೇ ಕಿಲೋವ್ಯಾಟು ಕಣಕ್ಕ. ಇರೋದನ್ನೆಲ್ಲ ಕೂಡ್ಸಿ ನೋಡು, ಆಮೇಲೆ ಗೀಸರ್ ಮಾತು" ಅಂದ. ಕನ್ನಡಕ ಹಾಕಿಕೊಂಡು ಒಂದೊಂದರ ಬೆನ್ನಮೇಲಿನ ಚೀಟಿ ಓದಿದೆ. ನೀರಿನ ಮೋಟರು ಮುಕ್ಕಾಲು, ಮಿಕ್ಸಿ ಅರ್ಧ, ಇಸ್ತ್ರಿಪೆಟ್ಟಿಗೆ ಒಂದು. ಫ್ರಿಜ್ಜು, ಫ್ಯಾನು, ದೀಪ ಸೇರಿದರೆ ಎರಡೂವರೆ ದಾಟಿತು. ಗೀಸರೊಂದೇ ಎರಡಂತೆ. ಅದು ಬರೋಕೆ ಮುಂಚೇನೇ ಲೆಕ್ಕ ಮೀರಿಹೋಗಿತ್ತು. ಹಂಗಾದ್ರೆ ಇಷ್ಟು ವರ್ಷ ನಮ್ಮನೆ ಫ್ಯೂಸು ಹೆಂಗೆ ತಡಕೊಂಡಿತ್ತು?

ಯೋಚನೆ ಮಾಡಿದರೆ, ಯಜಮಾನರ ಕೂಗು ನೆನಪಾಯ್ತು. ಸ್ವಿಚ್ಚು ಒತ್ತೋ ಮುಂಚೆ ಹಿತ್ತಲಿಂದ, "ಮೋಟ್ರು ಹಾಕ್ತೀನಿ ಕಣೇ" ಅನ್ನೋರು. ನಾನು ಅಡಿಗೆಮನೆಯಿಂದ "ಒಸಿ ತಡೀರಿ" ಅಂದು ಮಿಕ್ಸಿ ಆರಿಸ್ತಿದ್ದೆ. ಚಟ್ನಿ ನುಣ್ಣಗಾಗೋ ತನಕ ಬೇಕಂತಲೇ ಕಾಯಿಸೋದೂ ಇತ್ತು. ಪಾಪ, ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ನಿಂತೇ ಇರೋರು. ಜಗಳ ಆಡಿ ಮಾತು ಬಿಟ್ಟ ದಿನವೂ ಆ ಎರಡು ಮಾತು ಆಡಲೇಬೇಕಿತ್ತು, ಇಲ್ಲದಿದ್ದರೆ ಮನೆಯೆಲ್ಲ ಕತ್ತಲು. ಎಷ್ಟೋ ಸಲ ನಮ್ಮ ಮುನಿಸು ಮುರಿದಿದ್ದೇ ಆ ಮೋಟರಿನ ದೆಸೆಯಿಂದ.

ಐದು ಕಿಲೋವ್ಯಾಟಿಗೆ ಅರ್ಜಿ ಕೊಟ್ಟೆ, ಮಂಜೂರಾಯಿತು. ಮೀಟರಿಂದ ಒಳಕ್ಕೆ ದಪ್ಪ ತಂತಿ ಬಂತು, ಗೀಸರಿಗೆ ಬೇರೆ ಲೈನು ಎಳೆದರು. ಮಗಳೂ ಬಂದಳು, ಹೆತ್ತಳು. ಈಗ ಎಲ್ಲ ಒಟ್ಟಿಗೆ ಓಡ್ತವೆ, ಯಾರೂ ಯಾರನ್ನೂ ಕೇಳಬೇಕಿಲ್ಲ. ಸುಖವೇನೋ ಹೌದು. ಆದರೆ ಯಾರಿಗೂ ಕೂಗಿ ಹೇಳದೆ ಮೋಟರ್ ಹಾಕುವಾಗೆಲ್ಲ ನನಗೆ ಅಳು ಬರೋದು.

ಮೊನ್ನೆ ಬೆಳಿಗ್ಗೆ ಹಿತ್ತಲಲ್ಲಿ ಸ್ವಿಚ್ಚಿಗೆ ಕೈ ಹಾಕಿದವಳು, ನನಗೇ ತಿಳೀದಂಗೆ, "ಮೋಟ್ರು ಹಾಕ್ತೀನಿ ಕಣೇ" ಅಂದುಬಿಟ್ಟೆ. ಮಗಳು ಗೀಸರ್ ಹಾಕಿ ನೀರು ಕಾಯಲಿ ಅಂತ ಕೂತಿದ್ದಳು. ಏನೂ ಆರಿಸಬೇಕಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು.

"ಒಸಿ ತಡಿಯವ್ವ" ಅಂದಳು. ಬಚ್ಚಲ ಕಡೆ ಸ್ವಿಚ್ಚು ಆರಿಸಿದ ಸದ್ದಾಯ್ತು.

ಅವರು ನಿಲ್ತಿದ್ದ ಜಾಗದಲ್ಲೇ, ಕೈ ಇಟ್ಟುಕೊಂಡು, ನಾನು ತಡೆದು ನಿಂತೆ.